ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿ ಎದ್ದು ನಿಲ್ಲಲೇಬೇಕು: ನಮ್ಮಲ್ಲಿ ಯಾಕಿಲ್ಲ?

ರೀಡಿಂಗ್ ರಂಗ · ಶನಿವಾರ ರಾತ್ರಿ

ನಾನಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಊರು ಚನ್ನರಾಯಪಟ್ಟಣದ ಹತ್ತಿರ. 2023ರಲ್ಲಿ ಒಂದು ಬುಧವಾರ ಕೆಲಸಕ್ಕೆ ರಜೆ ಹಾಕಿ ಲಂಡನ್ನಿನ ಪಾರ್ಲಿಮೆಂಟಿಗೆ ಹೋಗಿದ್ದೆ. ಪ್ರಧಾನಿಗೆ ಪ್ರಶ್ನೆ ಕೇಳುವ ಅರ್ಧ ಗಂಟೆ ನೋಡಬೇಕೆಂದು ಬಹಳ ದಿನದ ಆಸೆ. ನಮ್ಮ ಕ್ಷೇತ್ರದ ಎಂಪಿಗೆ ಬರೆದು ಟಿಕೆಟ್‌ಗೆ ಕಾಯಬೇಕು, ತಿಂಗಳುಗಟ್ಟಲೆ ಕಾದೆ.

ಟೀವಿಯಲ್ಲಿ ದೊಡ್ಡದಾಗಿ ಕಾಣುವ ಸದನ ನಿಜಕ್ಕೂ ಚಿಕ್ಕದು. ಸದಸ್ಯರು 650, ಸೀಟು 427. ಮೊದಲೇ ಬಂದವರಿಗೆ ಹಸಿರು ಬೆಂಚು, ತಡವಾದವರು ಬಾಗಿಲ ಹತ್ತಿರ ನಮ್ಮೂರ ಸಿಟಿ ಬಸ್ಸಿನಲ್ಲಿ ನಿಂತ ಹಾಗೆ ನಿಂತಿರುತ್ತಾರೆ. ಜನರನ್ನು ಮೇಲೆ ಗಾಜಿನ ಗೋಡೆಯ ಹಿಂದೆ ಕೂರಿಸುತ್ತಾರೆ. ಆ ಗಾಜಿಗೂ ಒಂದು ಕಥೆ ಇದೆ. 2004ರ ಮೇನಲ್ಲಿ ಇದೇ ಪ್ರಶ್ನೋತ್ತರ ನಡೆಯುವಾಗ ಇಬ್ಬರು ನೇರಳೆ ಬಣ್ಣದ ಹಿಟ್ಟು ತುಂಬಿದ ಪೊಟ್ಟಣ ಎಸೆದು ಆಗಿನ ಪ್ರಧಾನಿ ಟೋನಿ ಬ್ಲೇರ್ ಅವರಿಗೆ ತಗುಲಿತ್ತು. ತಮಾಷೆ ಅಂದರೆ ಗಾಜು ಆಗಲೇ ಹಾಕಿ ಆಗಿತ್ತು. ಎಸೆದವರು ಗಾಜಿನ ಮುಂದಿರುವ ಅತಿಥಿಗಳ ಸೀಟಿನಲ್ಲಿ ಕೂತಿದ್ದರು!

ಮೊದಲನೇ ಪ್ರಶ್ನೆ ಕೇಳಿ ನನಗೆ ನಗು ಬಂತು. ‘ಪ್ರಧಾನಿಯವರ ಇವತ್ತಿನ ಕಾರ್ಯಕ್ರಮಗಳೇನು?’ ಅಷ್ಟೇ. ಆಗಿನ ಪ್ರಧಾನಿ ರಿಷಿ ಸುನಕ್ ಎದ್ದು, ‘ಬೆಳಿಗ್ಗೆ ಸಚಿವರ ಜೊತೆ ಸಭೆಗಳಿದ್ದವು, ಇವತ್ತು ಇನ್ನೂ ಕೆಲವು ಸಭೆಗಳಿವೆ’ ಎಂದು ಕೂತರು. ಅರ್ಧ ನಿಮಿಷವೂ ಇಲ್ಲ. ಇದಕ್ಕಾ ನಾನು ರಜೆ ಹಾಕಿ ಬಂದಿದ್ದು ಅನ್ನಿಸಿತು. ಆಮೇಲೆ ಗೊತ್ತಾಯಿತು, ಅದು ಬಾಗಿಲು ತೆಗೆಯುವ ಪ್ರಶ್ನೆ. ಅದಾದ ಮೇಲೆ ಆಸ್ಪತ್ರೆಯ ಕ್ಯೂ, ಮನೆ ಬಾಡಿಗೆ, ಉಕ್ರೇನ್ ಯುದ್ಧ, ಊರಿನ ಬೈಪಾಸ್ ರಸ್ತೆ, ಯಾರು ಏನು ಬೇಕಾದರೂ ಕೇಳಬಹುದು. ಮುಂಚಿತವಾಗಿ ಹೇಳಬೇಕಿಲ್ಲ. ವಿರೋಧ ಪಕ್ಷದ ನಾಯಕರಿಗೆ 6 ಪ್ರಶ್ನೆ. ಮೂರನೇ ದೊಡ್ಡ ಪಕ್ಷಕ್ಕೆ 2.

ನನ್ನ ಪ್ರಶ್ನೆ ಸರಳ. ಇದೇ ಪದ್ಧತಿಯಿಂದ ಹುಟ್ಟಿದ್ದು ನಮ್ಮ ಸಂಸತ್ತೂ ಅಲ್ವಾ? ವಾರಕ್ಕೆ ಅರ್ಧ ಗಂಟೆ ನಮ್ಮ ಪ್ರಧಾನಿ, ಯಾವ ಪಕ್ಷದವರೇ ಇರಲಿ, ಹೀಗೆ ನಿಲ್ಲುವುದು ಯಾಕಿಲ್ಲ?

—

ಕಡ್ಲೆಪುರಿ

ಅಲ್ಲಿ ಅರ್ಧ ಗಂಟೆ ಕಿರುಚುತ್ತಾರೆ, ಇಲ್ಲಿ ಇಡೀ ದಿನ ಕಿರುಚುತ್ತಾರೆ. ಜಾಸ್ತಿ ಪ್ರಜಾಪ್ರಭುತ್ವ ನಮ್ಮಲ್ಲೇ ಇದೆ ಬಿಡಿ ರಂಗಣ್ಣ.

—

ಪಾಠದ ಪದ್ಮ

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವಳು ನಾನು. ಈ ಪ್ರಶ್ನೆ ವರ್ಷಕ್ಕೊಮ್ಮೆ ಯಾರಾದರೂ ಮಕ್ಕಳು ಕೇಳಿಯೇ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಬ್ರಿಟನ್ನಿನಲ್ಲೂ ಇದು ಪುರಾತನ ಪದ್ಧತಿಯೇನಲ್ಲ. ಪ್ರಧಾನಿಗೆಂದೇ ಹೊತ್ತು ಗೊತ್ತು ಮಾಡಿದ್ದು 1961ರಲ್ಲಿ, ಹೆರಾಲ್ಡ್ ಮ್ಯಾಕ್ಮಿಲನ್ ಕಾಲದಲ್ಲಿ. ಮಂಗಳವಾರ ಕಾಲು ಗಂಟೆ, ಗುರುವಾರ ಕಾಲು ಗಂಟೆ. ಎರಡನ್ನೂ ಸೇರಿಸಿ ಬುಧವಾರ ಅರ್ಧ ಗಂಟೆ ಮಾಡಿದವರು ಬ್ಲೇರ್, 1997ರಲ್ಲಿ. ಅಂದರೆ ನಮ್ಮ ಲೋಕಸಭೆ ಶುರುವಾದಾಗ ಅಲ್ಲೇ ಇದು ಇರಲಿಲ್ಲ. ‘ನಾವು ಅವರಿಂದ ತೆಗೆದುಕೊಳ್ಳಲಿಲ್ಲ’ ಅನ್ನುವುದೇ ಸರಿಯಲ್ಲ.

ನಮ್ಮಲ್ಲಿ ಪ್ರಶ್ನೆ ಕೇಳುವ ಹಕ್ಕು ಬಂದಿದ್ದು 1892ರ ಕಾಯಿದೆಯಿಂದ. ಆಗ ಉಪಪ್ರಶ್ನೆ, ಅಂದರೆ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ, ಕೇಳುವಂತಿರಲಿಲ್ಲ. ಉತ್ತರ ಓದಿದರು, ಮುಗಿಯಿತು. 1909ರಲ್ಲಿ ಉಪಪ್ರಶ್ನೆ ಬಂತು, ಆದರೆ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. 1919ರ ಸುಧಾರಣೆಯ ನಂತರ ಬೇರೆ ಸದಸ್ಯರಿಗೂ ಸಿಕ್ಕಿತು. ಒಂದೊಂದು ಮೆಟ್ಟಿಲು ಹತ್ತಲು ಹತ್ತಿಪ್ಪತ್ತು ವರ್ಷ.

ಈಗ ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12 ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ 2014ರಿಂದ 12ರಿಂದ 1. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಗುರುತಿಲ್ಲದವು 230. ಚುಕ್ಕೆ ಇದ್ದರೆ ಮಂತ್ರಿ ಬಾಯಲ್ಲಿ ಉತ್ತರಿಸಬೇಕು, ಉಪಪ್ರಶ್ನೆಗೂ ತಯಾರಿರಬೇಕು. ಚುಕ್ಕೆ ಇಲ್ಲದಿದ್ದರೆ ಕಾಗದದ ಉತ್ತರ ಅಷ್ಟೇ. 20 ಪಟ್ಟಿಯಾದರೂ ಒಂದು ಗಂಟೆಯಲ್ಲಿ ಸಾಮಾನ್ಯವಾಗಿ ಮುಗಿಯುವುದು ನಾಲ್ಕೈದು. 2019ರ ನವೆಂಬರಿನಲ್ಲಿ ಒಂದು ದಿನ ಇಪ್ಪತ್ತೂ ಮುಗಿದಾಗ ಅದೇ ಸುದ್ದಿಯಾಯಿತು!

ಪ್ರಧಾನಿಯ ವಿಚಾರಕ್ಕೆ ಬಂದರೆ, ಅವರ ಕೈಯಲ್ಲಿರುವ ಖಾತೆಗಳಿಗೂ ವಾರದಲ್ಲಿ ಒಂದು ದಿನ ಇದೆ. ಲೋಕಸಭೆಯಲ್ಲಿ ಬುಧವಾರ, ರಾಜ್ಯಸಭೆಯಲ್ಲಿ ಗುರುವಾರ. ಅಣುಶಕ್ತಿ, ಬಾಹ್ಯಾಕಾಶ, ಸಿಬ್ಬಂದಿ ಖಾತೆಗಳು ಅವು. ಆದರೆ ಉತ್ತರ ಕೊಡಲು ಎದ್ದು ನಿಲ್ಲುವವರು ಅವರ ಕೈಕೆಳಗಿನ ಕೇಂದ್ರ ರಾಜ್ಯ ಸಚಿವರು. ಇದು ಈಗ ಶುರುವಾದದ್ದಲ್ಲ, ಹಿಂದಿನ ಸರ್ಕಾರದಲ್ಲೂ ಬಹುಪಾಲು ಹೀಗೇ ಇತ್ತು.

—

ಅಡಿಕೆ ತೋಟದಿಂದ

ಪದ್ಮಕ್ಕ, ನೆಹರೂ ಕಾಲದಲ್ಲಿ ಪ್ರಧಾನಿಯೇ ಉತ್ತರಿಸುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ನಿಜವಾ?

—

ಪಾಠದ ಪದ್ಮ

ನಿಜ. ಅದಕ್ಕೆ ಒಂದು ಸಾದಾ ಕಾರಣವಿದೆ. 1947ರಿಂದ ತೀರಿಕೊಳ್ಳುವವರೆಗೂ ವಿದೇಶಾಂಗ ಖಾತೆ ಅವರ ಕೈಯಲ್ಲೇ ಇತ್ತು. ಹಾಗಾಗಿ ಚೀನಾ, ಟಿಬೆಟ್, ಪಾಕಿಸ್ತಾನ ಯಾವುದು ಕೇಳಿದರೂ ಎದ್ದು ನಿಲ್ಲಬೇಕಾದವರು ಅವರೇ. 1959ರ ಆಗಸ್ಟ್ ಕೊನೆಯ ದಿನಗಳಲ್ಲಿ ಸದಸ್ಯರು ಗಡಿಯ ಬಗ್ಗೆ ಕೆದಕಿದಾಗಲೇ, ಚೀನಾದವರು ಅಕ್ಸಾಯ್ ಚಿನ್ ಮೂಲಕ ರಸ್ತೆ ಮಾಡಿದ್ದಾರೆ ಅನ್ನುವುದನ್ನು ಅವರು ಸಂಸತ್ತಿನ ಮುಂದೆ ಒಪ್ಪಿಕೊಂಡಿದ್ದು. ಸರ್ಕಾರಕ್ಕೆ ಅದಕ್ಕೂ ಮುಂಚೆಯೇ ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಚೀನಾ ಜೊತೆಗಿನ ಪತ್ರಗಳನ್ನೆಲ್ಲ ಶ್ವೇತಪತ್ರ ಮಾಡಿ ಮುಂದಿಟ್ಟರು. ಪ್ರಶ್ನೆ ಬರದಿದ್ದರೆ ಇನ್ನೆಷ್ಟು ದಿನ ಕಡತದಲ್ಲೇ ಇರುತ್ತಿತ್ತೋ.

—

ಅಡಿಕೆ ತೋಟದಿಂದ

ನನ್ನ ಅನುಮಾನ ಇರುವುದೂ ಅಲ್ಲೇ. ವಿದೇಶಾಂಗ ವಿಷಯದಲ್ಲಿ ಪ್ರಧಾನಿಯನ್ನು ನಿಲ್ಲಿಸಿ ‘ತಕ್ಷಣ ಹೇಳಿ’ ಅನ್ನುವುದು ಸರೀನಾ? ಗಡಿಯಲ್ಲಿ ಮಾತುಕತೆ ನಡೆಯುತ್ತಿರುತ್ತದೆ. ಇಲ್ಲಿ ಆಡಿದ ಒಂದು ಮಾತು ಅಲ್ಲಿ ಅಧಿಕಾರಿಗಳ ಮೇಜಿನ ಮೇಲೆ ಹೋಗಿ ಬೀಳುತ್ತದೆ. ಮನೆಯಲ್ಲಿ ಸಂಬಂಧ ಕುದುರಿಸುವಾಗ ಕೂಡ ಎಲ್ಲವನ್ನೂ ಜಗಲಿ ಮೇಲೆ ಕೂತು ಮಾತಾಡುವುದಿಲ್ಲ.

—

ರೀಡಿಂಗ್ ರಂಗ

ಒಳ್ಳೆ ಪ್ರಶ್ನೆ. ನಾನು ನೋಡಿದ್ದು ಹೇಳುತ್ತೇನೆ. ಆಸ್ಪತ್ರೆ ವಿಷಯ ಬಂದಾಗ ಇಡೀ ಸದನ ಮೀನು ಮಾರ್ಕೆಟ್ಟು. ಉಕ್ರೇನ್ ಅಂದ ಕೂಡಲೇ ಸದ್ದು ಇಳಿಯಿತು. ವಿರೋಧ ಪಕ್ಷದವರೂ ‘ಹೌದು ಹೌದು’ ಅನ್ನುವ ಹಾಗೆ ಗೊಣಗುತ್ತಿದ್ದರು. ಗುಪ್ತಚರ ವಿಷಯ ಕೇಳಿದರೆ ‘ಅದರ ಬಗ್ಗೆ ಇಲ್ಲಿ ಮಾತಾಡುವುದಿಲ್ಲ’ ಎಂದು ಪ್ರಧಾನಿ ಕೂರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಮಾತಾಡುವುದಿಲ್ಲ ಅನ್ನುವುದನ್ನಾದರೂ ಅವರೇ ಎದ್ದು ಹೇಳಬೇಕು. ಅಷ್ಟೇ ವ್ಯತ್ಯಾಸ.

—

ಪಾಠದ ಪದ್ಮ

ನಮ್ಮ ಲೋಕಸಭೆಯ ನಿಯಮದಲ್ಲೂ ಆ ಎಚ್ಚರ ಇದೆ. ಸ್ನೇಹಿತ ದೇಶವನ್ನು ಹಗುರವಾಗಿ ಮಾತಾಡುವ ಪ್ರಶ್ನೆಯನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬೇಲಿ ಹಾಕಿಕೊಂಡೇ ಕೇಳಬಹುದು. 2020ರ ಸೆಪ್ಟೆಂಬರ್ ಅಧಿವೇಶನ ನೆನಪಿದೆಯಲ್ಲ, ಲಡಾಖ್ ಗಡಿಯಲ್ಲಿ ಬಿಸಿ ಇದ್ದ ಹೊತ್ತು. ಕೋವಿಡ್ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು, ಲಿಖಿತ ಉತ್ತರ ಮಾತ್ರ ಉಳಿಯಿತು. ರಕ್ಷಣಾ ಸಚಿವರು ಹೇಳಿಕೆ ಕೊಟ್ಟರು. ಲೋಕಸಭೆಯಲ್ಲಿ ಅದರ ಮೇಲೆ ಸ್ಪಷ್ಟನೆ ಕೇಳಲು ಬಿಡಲಿಲ್ಲ. ಎರಡು ದಿನ ಬಿಟ್ಟು ರಾಜ್ಯಸಭೆಯಲ್ಲಿ ಕೇಳಿದರು, ಸಚಿವರು ಉತ್ತರಿಸಿದರು. ದೇಶ ಏನೂ ಮುಳುಗಲಿಲ್ಲ.

—

ಕಡ್ಲೆಪುರಿ

ಪದ್ಮ ಮೇಡಂ, ನೀವು ಪರೀಕ್ಷೆಯಲ್ಲಿ ಎಷ್ಟು ಅಂಕದ ಉತ್ತರ ಬರೆಯುತ್ತಿದ್ದೀರಿ? 10 ಅಂಕದ್ದಾ?

—

ಹಳೇ ಗುಮಾಸ್ತ · ಭಾನುವಾರ ಬೆಳಿಗ್ಗೆ

ಎಲ್ಲರೂ ಕೇಳುವವರ ಕಡೆಯಿಂದ ಮಾತಾಡುತ್ತಿದ್ದೀರಿ. ನಾನು ಉತ್ತರ ಬರೆದವನು. ಒಂದು ಜಿಲ್ಲಾ ಕಚೇರಿಯಲ್ಲಿ ಬಹಳ ವರ್ಷ ಇದ್ದು ನಿವೃತ್ತನಾದೆ. ಇಲಾಖೆ ಹೆಸರು ಬೇಡ.

ಅಧಿವೇಶನ ಶುರುವಾಯಿತೆಂದರೆ ನಮಗೆ ‘ಎಲ್‌ಎಕ್ಯೂ’ ಜ್ವರ. ವಿಧಾನಸಭೆ ಪ್ರಶ್ನೆ ಅಂದರೆ ಎಲ್‌ಎಕ್ಯೂ, ಪರಿಷತ್ತಿನದಾದರೆ ಎಲ್‌ಸಿಕ್ಯೂ. ಸಂಜೆ 5 ಗಂಟೆಗೆ ಬ್ಯಾಗು ಹೆಗಲಿಗೆ ಹಾಕಿಕೊಂಡಾಗಲೇ ಬೆಂಗಳೂರಿನಿಂದ ಫೋನು ಬರುತ್ತಿತ್ತು. ‘ಮೂರು ವರ್ಷದ ವಿವರ, ತಾಲ್ಲೂಕುವಾರು, ಇವತ್ತೇ ಬೇಕು.’ ಮೊದಲು ಫ್ಯಾಕ್ಸು, ಆಮೇಲೆ ಈಮೇಲು, ಕೊನೆಗೆ ವಾಟ್ಸಾಪು. ಅವಸರ ಮಾತ್ರ ಅದೇ. ತಾಲ್ಲೂಕಿನವರು ಕೊಟ್ಟ ಲೆಕ್ಕ ಕೂಡಿದರೆ ಜಿಲ್ಲೆಯ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಒಂದು ಸಲ ರಾತ್ರಿ 11ರವರೆಗೆ ಕೂತು ಎರಡು ಕೊಳವೆಬಾವಿ ಎಲ್ಲಿ ಹೋದವೆಂದು ಹುಡುಕಿದ್ದೇವೆ. ಎರಡು ಹೋಬಳಿಯವರು ಒಂದನ್ನೇ ಬರೆದಿದ್ದರು.

ಉತ್ತರದ ಹಾಳೆ ನೋಡಿದ್ದೀರಾ? ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು (ಅ), (ಆ), (ಇ), (ಈ) ಎಂದು ತುಂಡು ಮಾಡಿರುತ್ತಾರೆ.

(ಅ) ಇಂಥ ಊರಿನ ರಸ್ತೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? — ಬಂದಿದೆ.
(ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? — ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು.
(ಇ) ಇಲ್ಲದಿದ್ದಲ್ಲಿ, ಕಾರಣವೇನು? — ಉದ್ಭವಿಸುವುದಿಲ್ಲ.

‘ಬಂದಿದೆ’ ಮತ್ತು ‘ಉದ್ಭವಿಸುವುದಿಲ್ಲ’. ಈ ಎರಡು ಪದದಲ್ಲಿ ನಾನು ಎಷ್ಟು ಸಂಬಳ ತೆಗೆದುಕೊಂಡೆನೋ ಲೆಕ್ಕವಿಲ್ಲ.

ನಾವು ಬರೆದದ್ದರಲ್ಲಿ ಸುಳ್ಳು ಇರುತ್ತಿರಲಿಲ್ಲ. ಅದನ್ನು ಒತ್ತಿ ಹೇಳುತ್ತೇನೆ. ಸುಳ್ಳು ಬರೆದರೆ ಹಕ್ಕುಚ್ಯುತಿ ಆಗುತ್ತದೆಂದು ಎಲ್ಲರಿಗೂ ಭಯ. ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ. ಒಂದು ಅಕ್ಷರ ಜಾಸ್ತಿ ಇಲ್ಲ.

ಭಯ ಇದ್ದದ್ದು ಚುಕ್ಕೆ ಗುರುತಿನ ಪ್ರಶ್ನೆಗೆ. ಅದಕ್ಕೆ ಬೇರೆ ಪೂರಕ ಟಿಪ್ಪಣಿ ಬೇಕು. ಉಪಪ್ರಶ್ನೆ ಏನೇನು ಬರಬಹುದು ಎಂದು ನಾವೇ ಊಹಿಸಿ ಬರೆದುಕೊಡಬೇಕು. ಸಾಹೇಬರು ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತು ಚೀಟಿ ಕಳಿಸುತ್ತಾರೆ. ಚೀಟಿ ಮಂತ್ರಿಗಳ ಕೈ ಸೇರುವ ಮುಂಚೆ ಶಾಸಕರು ಇನ್ನೊಂದು ಕೇಳಿಬಿಟ್ಟರೆ ಮುಗಿಯಿತು, ಮಾರನೇ ದಿನ ಮೆಮೋ ನಮಗೆ.

—

ರೀಡಿಂಗ್ ರಂಗ

ಗುಮಾಸ್ತರೇ, ನಿಮ್ಮ ‘ಉದ್ಭವಿಸುವುದಿಲ್ಲ’ಕ್ಕೆ ದೊಡ್ಡ ನಮಸ್ಕಾರ! ಅಲ್ಲೂ ಚೀಟಿ ಇದೆ. ಪ್ರಧಾನಿ ಕೈಯಲ್ಲಿ ದಪ್ಪ ಫೈಲು, ಅದರ ಪಕ್ಕದಲ್ಲಿ ಬಣ್ಣಬಣ್ಣದ ಪಟ್ಟಿ ಅಂಟಿಸಿರುತ್ತಾರೆ. ಪ್ರಶ್ನೆಯ ಅರ್ಧದಲ್ಲೇ ಬೆರಳು ಹಾಳೆ ಹುಡುಕುತ್ತಿರುತ್ತದೆ.

—

ಧಾರವಾಡ ಫೇಡಾ

ಸುನಕ್ ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹಾಗಾಗಿ ರಂಗಣ್ಣ ನೋಡಿದ ಪ್ರಧಾನಿ ನಮ್ಮ ಅಳಿಯಂದಿರು. ಅಳಿಯಂದಿರನ್ನು ಅರ್ಧ ಗಂಟೆ ನಿಲ್ಲಿಸಿ ಪ್ರಶ್ನೆ ಕೇಳಿದ್ದಾರೆ, ನಮ್ಮ ಕಡೆ ಹಬ್ಬಕ್ಕೆ ಬಂದಾಗ ಮಾವನೂ ಅಷ್ಟು ಕೇಳುವುದಿಲ್ಲ.

ತಮಾಷೆ ಸಾಕು. ನನಗೆ ಈ ಬುಧವಾರದ ಆಟದ ಮೇಲೆ ಅಷ್ಟು ಗೌರವ ಇರಲಿಲ್ಲ. ಚೂಪು ಮಾತು, ನಗು, ಸಂಜೆ ಟೀವಿಗೆ ಹತ್ತು ಸೆಕೆಂಡಿನ ತುಣುಕು. ಸ್ವಂತ ಪಕ್ಷದವರು ‘ಪ್ರಧಾನಿಯವರು ಮಾಡಿರುವ ಅದ್ಭುತ ಕೆಲಸ ಅವರಿಗೇ ಗೊತ್ತಿದೆಯೇ’ ಅನ್ನುವ ತರಹದ ಪ್ರಶ್ನೆ ಕೇಳುತ್ತಾರೆ. ಆದರೆ ಬೋರಿಸ್ ಜಾನ್ಸನ್ ಕಥೆ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

2021ರ ಡಿಸೆಂಬರ್ 1, ಬುಧವಾರ. ಲಾಕ್‌ಡೌನ್ ಹೊತ್ತಿನಲ್ಲಿ ಪ್ರಧಾನಿ ಕಚೇರಿಯಲ್ಲಿ ಪಾರ್ಟಿ ನಡೆಯಿತಂತಲ್ಲ ಎಂದು ವಿರೋಧ ಪಕ್ಷದ ನಾಯಕರು ಕೇಳಿದರು. ನಿಯಮಗಳನ್ನೆಲ್ಲ ಪೂರ್ತಿ ಪಾಲಿಸಲಾಗಿತ್ತು ಎಂದು ಜಾನ್ಸನ್ ಉತ್ತರಿಸಿದರು. ಒಂದು ಸಾಲು. ಮುಂದಿನ ವಾರ ಮತ್ತೆ ಅದೇ ಧಾಟಿ. 2022ರ ಏಪ್ರಿಲ್‌ನಲ್ಲಿ ಪೊಲೀಸರು ದಂಡ ಹಾಕಿದರು (ಅಳಿಯಂದಿರಿಗೂ ಬಿತ್ತು, ಒಂದು ಹುಟ್ಟುಹಬ್ಬದ ಕೂಟಕ್ಕೆ). ಆಮೇಲೆ ಸದನದ ಹಕ್ಕುಬಾಧ್ಯತಾ ಸಮಿತಿ ಆ ಸಾಲುಗಳನ್ನೇ ಹಿಡಿದು ಕೂತಿತು. 2023ರ ಜೂನ್‌ನಲ್ಲಿ ಬಂದ ವರದಿ, ಅವರು ಬೇಕಂತಲೇ ಸದನದ ದಾರಿ ತಪ್ಪಿಸಿದರು ಎಂದಿತು. ವರದಿ ಹೊರಬರುವ ಮುಂಚೆಯೇ ಅವರು ಎಂಪಿ ಸ್ಥಾನ ಬಿಟ್ಟಿದ್ದರು. ಇಲ್ಲದಿದ್ದರೆ 90 ದಿನ ಅಮಾನತು ಮಾಡಲು ಹೇಳುತ್ತಿದ್ದೆವು ಎಂದು ಸಮಿತಿ ಬರೆಯಿತು. ಸದನ 354ಕ್ಕೆ 7 ಮತಗಳಿಂದ ಒಪ್ಪಿತು. ಅವರದೇ ಪಕ್ಷಕ್ಕೆ ಬಹುಮತ ಇದ್ದ ಸದನ ಅದು.

ಇನ್ನೊಂದು. 2021ರ ಜುಲೈನಲ್ಲಿ ಡಾನ್ ಬಟ್ಲರ್ ಅನ್ನುವ ಸದಸ್ಯೆ ‘ಪ್ರಧಾನಿ ಸುಳ್ಳು ಹೇಳುತ್ತಿದ್ದಾರೆ’ ಎಂದು ಸದನದಲ್ಲೇ ಅಂದಿದ್ದರು. ಮಾತು ಹಿಂದೆ ತೆಗೆದುಕೊಳ್ಳಲಿಲ್ಲ, ಅವತ್ತು ಹೊರಗೆ ಕಳಿಸಿದರು. ಅಲ್ಲಿ ಹಾಗೆ ಅನ್ನುವಂತಿಲ್ಲ.

—

ಕಡ್ಲೆಪುರಿ

ಸುಳ್ಳು ಅಂದವರನ್ನು ಹೊರಗೆ ಹಾಕಲು ಒಂದು ನಿಮಿಷ. ಸುಳ್ಳು ಅಂತ ಸಾಬೀತು ಮಾಡಲು ಎರಡು ವರ್ಷ. ಸರಿಯಾಗಿದೆ.

—

ಟೊರಾಂಟೊ ತಿಮ್ಮ

ಕೆನಡಾದಿಂದ ಒಂದು ಮಾತು. ಇಲ್ಲಿ ಸದನ ನಡೆಯುವ ದಿನ ಪ್ರತಿದಿನವೂ 45 ನಿಮಿಷ ಪ್ರಶ್ನೆಗಳ ಹೊತ್ತು. ಮೊದಲೇ ನೋಟಿಸ್ ಕೊಡಬೇಕಿಲ್ಲ. ಪ್ರಶ್ನೆಗೆ ಸುಮಾರು 35 ಸೆಕೆಂಡು, ಉತ್ತರಕ್ಕೂ ಅಷ್ಟೇ. ಅಷ್ಟರಲ್ಲಿ ಏನು ಹೇಳಲು ಸಾಧ್ಯ? ಕೇಳಿದ್ದೊಂದು, ಹೇಳಿದ್ದೊಂದು. 2017ರಿಂದ ಆಗಿನ ಪ್ರಧಾನಿ ಟ್ರುಡೊ ಬುಧವಾರ ಎಲ್ಲ ಪ್ರಶ್ನೆಗೂ ತಾನೇ ಉತ್ತರಿಸುವ ರೂಢಿ ಶುರು ಮಾಡಿದ್ದರು.

ನಮಗೆ ಖುಷಿ ಕೊಟ್ಟಿದ್ದು ಬೇರೆ. ಪ್ರಶ್ನೆಗಳ ಹೊತ್ತಿಗೆ ಮುಂಚೆ ಕಾಲು ಗಂಟೆ ಸದಸ್ಯರು ಒಂದೊಂದು ನಿಮಿಷ ಮಾತಾಡುತ್ತಾರೆ. 2022ರ ಮೇನಲ್ಲಿ ಚಂದ್ರ ಆರ್ಯ ಅವರು, ನಮ್ಮ ಶಿರಾ ತಾಲ್ಲೂಕಿನವರು, ಅಲ್ಲಿ ಕನ್ನಡದಲ್ಲಿ ಮಾತಾಡಿದ್ದು. ಮನೆಯಲ್ಲಿ ಆ ವಿಡಿಯೋ ಹಾಕಿದಾಗ ನನ್ನ ಅಮ್ಮ, ‘ಇವನಿಗೆ ನಮ್ಮ ಕಡೆ ಮಾತೇ ಇದೆ’ ಎಂದು ಎರಡು ಸಲ ಹಾಕಿಸಿಕೊಂಡು ನೋಡಿದರು.

—

ಅಡಿಕೆ ತೋಟದಿಂದ

ತಿಮ್ಮಣ್ಣ ಹೇಳಿದ್ದೇ ನನ್ನ ವಾದ. 35 ಸೆಕೆಂಡಿನ ಮಾತಿಗಿಂತ ಗುಮಾಸ್ತರ ಎರಡು ಪುಟದ ಅನುಬಂಧ ವಾಸಿ ಅಲ್ವಾ? ಅಲ್ಲಿ ಅಂಕಿಯಾದರೂ ಇರುತ್ತದೆ. ನಮ್ಮ ಪ್ರಧಾನಿಗಳು ಸದನದಲ್ಲಿ ಮಾತೇ ಆಡುವುದಿಲ್ಲ ಅಂತೇನೂ ಇಲ್ಲ. ರಾಷ್ಟ್ರಪತಿ ಭಾಷಣದ ಮೇಲಿನ ಚರ್ಚೆಗೆ ಗಂಟೆಗಟ್ಟಲೆ ಉತ್ತರ ಕೊಡುತ್ತಾರೆ. 2023ರ ಆಗಸ್ಟ್‌ನಲ್ಲಿ ಅವಿಶ್ವಾಸ ನಿರ್ಣಯಕ್ಕೂ ಕೊಟ್ಟರು.

—

ಪಾಠದ ಪದ್ಮ

ಅದು ಭಾಷಣ ಕಣಪ್ಪ. ಎಲ್ಲರೂ ಮಾತಾಡಿ ಮುಗಿದ ಮೇಲೆ ಎದ್ದು, ಯಾವುದಕ್ಕೆ ಬೇಕೋ ಅದಕ್ಕೆ ಉತ್ತರ ಕೊಟ್ಟು ಕೂರಬಹುದು. ಮಧ್ಯೆ ನಿಲ್ಲಿಸಿ ‘ಇದಕ್ಕೆ ಹೇಳಿ’ ಅನ್ನುವವರಿಲ್ಲ.

ಗುಮಾಸ್ತರು ನನಗಿಂತ ಚೆನ್ನಾಗಿ ಹೇಳಿಬಿಟ್ಟರು ನೋಡಿ. ಅವರಿಗೆ ಭಯ ಇದ್ದದ್ದು ಪ್ರಶ್ನೆಗಲ್ಲ, ಉಪಪ್ರಶ್ನೆಗೆ. ರಂಗಣ್ಣ ನಕ್ಕ ‘ಇವತ್ತಿನ ಕಾರ್ಯಕ್ರಮಗಳೇನು’ ಕೂಡ ಅದೇ. ಅಲ್ಲಿ ಮೊದಲನೇ ಪ್ರಶ್ನೆ ಬರೀ ನೆಪ, ಇಡೀ ಅರ್ಧ ಗಂಟೆಯೇ ಉಪಪ್ರಶ್ನೆ. 1892ರಲ್ಲಿ ಬ್ರಿಟಿಷರು ನಮಗೆ ಪ್ರಶ್ನೆ ಕೊಟ್ಟು ಉಪಪ್ರಶ್ನೆ ಯಾಕೆ ಕೊಡಲಿಲ್ಲ ಹೇಳಿ? ಸುಮ್ನೆ ಅಲ್ಲ.

ನಮ್ಮಲ್ಲಿ ಅದು ಕೆಲಸ ಮಾಡಿದ ದಿನಗಳೂ ಇವೆ. 1957ರಲ್ಲಿ ಜೀವವಿಮಾ ನಿಗಮದವರು ಹರಿದಾಸ್ ಮುಂಧ್ರಾ ಅನ್ನುವ ವ್ಯಾಪಾರಿಯ ಕಂಪನಿಗಳ ಷೇರನ್ನು ಒಂದೂಕಾಲು ಕೋಟಿಯಷ್ಟು ಕೊಟ್ಟು ಕೊಂಡಿದ್ದರು. ಮೊದಲು ಒಂದು ಪ್ರಶ್ನೆ ಬಂತು, ಉತ್ತರ ಜಾರಿಕೊಂಡಿತು. ಮತ್ತೆ ಬಂತು. ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಎದ್ದು ನಿಂತರು. ಆಳುವ ಪಕ್ಷದವರು, ಪ್ರಧಾನಿಯ ಅಳಿಯ! ತನಿಖೆಗೆ ನೇಮಿಸಿದ ನ್ಯಾಯಮೂರ್ತಿ ಚಾಗ್ಲಾ ಆಯೋಗ ಸಾರ್ವಜನಿಕರ ಮುಂದೆಯೇ ವಿಚಾರಣೆ ಮಾಡಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

—

ಧಾರವಾಡ ಫೇಡಾ

ಎಲ್ಲಾ ಕಡೆ ಅಳಿಯಂದಿರದೇ ಕಾರುಬಾರು.

—

ಕಡ್ಲೆಪುರಿ

ನಮ್ಮ ದೇವೇಗೌಡರು ಪ್ರಧಾನಿ ಆಗಿದ್ದಾಗ ಹೇಗಿತ್ತೋ? ಗಂಗಾ ನೀರಿನ ಒಪ್ಪಂದ ಅವರದೇ ಅಲ್ವಾ?

—

ಪಾಠದ ಪದ್ಮ

ಹೌದು, 1996ರ ಡಿಸೆಂಬರ್ 12, ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ. 30 ವರ್ಷದ ಒಪ್ಪಂದ. ಜೂನ್ 1ರಂದು ಪ್ರಮಾಣ ವಚನ ತೆಗೆದುಕೊಂಡಾಗ ಅವರು ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಆಮೇಲೆ ಕರ್ನಾಟಕದಿಂದ ರಾಜ್ಯಸಭೆಗೆ ಬಂದರು. ಅಧಿಕಾರ ಇದ್ದದ್ದು 11 ತಿಂಗಳೂ ಪೂರ್ತಿ ಅಲ್ಲ.

—

ರೀಡಿಂಗ್ ರಂಗ

ಇನ್ನೊಂದು ನೆನಪಾಯಿತು. 2015ರಲ್ಲಿ ಜೆರೆಮಿ ಕಾರ್ಬಿನ್ ವಿರೋಧ ಪಕ್ಷದ ನಾಯಕರಾದಾಗ, ಜನರೇ ಪ್ರಶ್ನೆ ಕಳಿಸಿ ಎಂದರು. 40 ಸಾವಿರದಷ್ಟು ಈಮೇಲ್ ಬಂದವು. ಮೊದಲ ಬುಧವಾರ ಅದರಲ್ಲೇ 6 ಆರಿಸಿ, ‘ಇಂಥವರು ಕೇಳುತ್ತಿದ್ದಾರೆ’ ಎಂದು ಓದಿದರು. ಕಿರುಚಾಟ ನಿಂತೇ ಹೋಯಿತು. ಮನೆ ಬಾಡಿಗೆ ಕಟ್ಟಲಾಗದವರ ಹೆಸರು ಹೇಳಿದಾಗ ನಗುವುದು ಹೇಗೆ? ಆದರೆ ಆಗಿನ ಪ್ರಧಾನಿ ಕ್ಯಾಮೆರಾನ್‌ಗೂ ಅದು ಸುಲಭವಾಯಿತು. ಮೆಲ್ಲಗೆ, ಗೌರವದಿಂದ, ತಯಾರಾದ ಉತ್ತರ ಕೊಟ್ಟು ಕೂತರು. ಆರು ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ವಿಷಯ, ಹಾಗಾಗಿ ಒಂದನ್ನೇ ಹಿಡಿದು ಬೆನ್ನು ಹತ್ತಲು ಆಗಲಿಲ್ಲ.

—

ಹಳೇ ಗುಮಾಸ್ತ

ಅದೇ ಗುಟ್ಟು. ನಾಲ್ಕು ವಿಷಯ ಒಂದೇ ಪ್ರಶ್ನೆಯಲ್ಲಿ ತುಂಬಿದ ಶಾಸಕರನ್ನು ಕಂಡರೆ ನಮಗೆ ಪ್ರೀತಿ. ಒಂದೇ ವಿಷಯ ಹಿಡಿದವರನ್ನು ಕಂಡರೆ ಭಯ.

ಇನ್ನೊಂದು ಹೇಳುತ್ತೇನೆ, ಬಹಳ ಜನಕ್ಕೆ ಗೊತ್ತಿಲ್ಲ. ಮಂತ್ರಿಗಳು ‘ಪರಿಶೀಲಿಸುತ್ತೇವೆ’ ಎಂದರೆ ಅದು ಗಾಳಿಗೆ ಹೋಗುವುದಿಲ್ಲ. ಸರ್ಕಾರಿ ಭರವಸೆಗಳ ಸಮಿತಿ ಅಂತ ಇದೆ. ಲೋಕಸಭೆಯಲ್ಲಿ 1953ರಿಂದ ಇದೆ, ಅಲ್ಲಿ ಭರವಸೆ ಈಡೇರಿಸಲು 3 ತಿಂಗಳ ಗಡುವು. ನಮ್ಮ ವಿಧಾನಮಂಡಲದಲ್ಲೂ ಇದೆ. ಯಾವತ್ತೋ ಹೇಳಿದ ಮಾತಿಗೆ ವರ್ಷಗಳ ನಂತರ ಪತ್ರ ಬರುತ್ತಿತ್ತು. ಹೇಳಿದ ಮಂತ್ರಿ ಮಾಜಿ ಆಗಿರುತ್ತಿದ್ದರು, ಬರೆದ ಗುಮಾಸ್ತ ವರ್ಗವಾಗಿ ಹೋಗಿರುತ್ತಿದ್ದ, ಪತ್ರ ಮಾತ್ರ ಬರುತ್ತಿತ್ತು.

—

ಅಡಿಕೆ ತೋಟದಿಂದ

ಗುಮಾಸ್ತರೇ, ಹಾಗಾದರೆ ಒಂದು ಸಹಾಯ. ನಮ್ಮೂರ ಕೆರೆ ಮೂರು ವರ್ಷದಿಂದ ಒತ್ತುವರಿ ಆಗುತ್ತಿದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ನಮ್ಮ ಶಾಸಕರು ಪ್ರಶ್ನೆ ಹಾಕುತ್ತೇನೆ, ಬರೆದು ಕೊಡಿ ಅಂದಿದ್ದಾರೆ. ಹೇಗೆ ಬರೆಯಲಿ?

—

ಹಳೇ ಗುಮಾಸ್ತ

ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೊಡಲು ಹೇಳಿ. ಹೀಗೆ ಬರೆಯಿರಿ:

(ಅ) ಈ ಸರ್ವೆ ನಂಬರಿನ ಕೆರೆಯ ಒಟ್ಟು ವಿಸ್ತೀರ್ಣವೆಷ್ಟು. ಕೊನೆಯ ಬಾರಿ ಅಳತೆ ಮಾಡಿದ ದಿನಾಂಕ ಯಾವುದು?
(ಆ) ಆ ಅಳತೆಯಂತೆ ಒತ್ತುವರಿಯಾಗಿರುವುದು ಎಷ್ಟು ಎಕರೆ, ಎಷ್ಟು ಗುಂಟೆ?
(ಇ) ತೆರವಿಗೆ ನೋಟಿಸ್ ನೀಡಿದ ದಿನಾಂಕಗಳು ಯಾವುವು? (ಪ್ರತಿ ಒದಗಿಸುವುದು)
(ಈ) ಯಾವ ದಿನಾಂಕದೊಳಗೆ ತೆರವುಗೊಳಿಸಲಾಗುವುದು?

ಸರ್ವೆ ನಂಬರ್ ಮರೆಯಬೇಡಿ. ಬರೀ ‘ಊರ ಕೆರೆ’ ಅಂದರೆ ‘ಯಾವ ಕೆರೆ ಎಂದು ಸ್ಪಷ್ಟವಿಲ್ಲ’ ಎಂದು ನಾನೇ ಬರೆದಿದ್ದೇನೆ.

—

ಅಡಿಕೆ ತೋಟದಿಂದ

ಬಹಳ ಉಪಕಾರ ಸರ್. ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಅನ್ನುವುದೇ ಇಲ್ಲವಲ್ಲ, ಬಿಟ್ಟುಹೋಯಿತಾ?

—

ಹಳೇ ಗುಮಾಸ್ತ

ಬೇಕಂತಲೇ ಬಿಟ್ಟೆ. ಅದೊಂದು ಇದ್ದರೆ ‘ಬಂದಿದೆ’ ಎಂದು ಬರೆದು ನಾವು ಟೀಗೆ ಹೋಗುತ್ತಿದ್ದೆವು.